ಹಿಂಗಾರಿಗೊಂದು ಮಿಲಿಟರಿ ಲಾರಿ: ನನ್ನ ಅನುಭವ

ಸೇನೆಯ ಹರಾಜಿನಲ್ಲಿ ಕೊಂಡ ಲಾರಿಯನ್ನು ಮನೆಯ ಹಿಂದಿನ ಹುಣಸೆ ಮರದ ಕೆಳಗೆ ತಂದು ನಿಲ್ಲಿಸಿದ ದಿನ ನಮ್ಮ ಚಿಕ್ಕಪ್ಪನವರು ಅದನ್ನು ಒಂದು ಸುತ್ತು ಹಾಕಿ, "ಹಸು ಕಟ್ಟೋ ಜಾಗದಲ್ಲಿ ಆನೆ ತಂದು ಕಟ್ಟಿದ್ದೀಯಲ್ಲೋ, ಇದಕ್ಕೆ ಮೇವು ಎಲ್ಲಿಂದ ತರ್ತೀಯ?" ಎಂದು ಕೇಳಿದ್ದರು. ಅದು 2018. ಈಗ ನವೆಂಬರಿನಲ್ಲಿ ಮೋಡ ಕವಿದರೆ ಮೊದಲು ಫೋನ್ ಮಾಡುವವರು ಅವರೇ. ಹಾಗಾಗಿ ಪಟ್ಟ ಪಾಡನ್ನೂ ಕಳೆದ ಹಣವನ್ನೂ ಬರೆಯಲು ಧೈರ್ಯ ಬಂದಿದೆ. ಗಾಡಿ ಕೆಲಸ ಬಲ್ಲವರಿಗಾಗಿ ಬರೆಯುತ್ತಿರುವುದರಿಂದ ನಟ್ಟು ಬಿಚ್ಚುವುದನ್ನು ಹೇಳಿಕೊಡಲು ಹೋಗುವುದಿಲ್ಲ.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಕಡೆಯ ಹಳ್ಳಿ. ಮೂರು ಎಕರೆ ಹಿಪ್ಪುನೇರಳೆ, ಒಂದು ರೇಷ್ಮೆ ಮನೆ, ರಸ್ತೆ ಬದಿಯಲ್ಲಿ ಟ್ರ್ಯಾಕ್ಟರ್, ಟೆಂಪೊ ರಿಪೇರಿ ಮಾಡುವ ಒಂದು ಶೆಡ್ಡು ಇದೆ. ನಮ್ಮ ಸೀಮೆಗೆ ಗಾಡಿ ಹೂತುಹೋಗುವಂಥ ಮಳೆ ಬರುವುದು ಆಷಾಢದಲ್ಲಲ್ಲ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಡಿಯುವ ಜಡಿಯಲ್ಲಿ. ಹಣ್ಣಾದ ರೇಷ್ಮೆ ಹುಳು ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆಗೆ ಹತ್ತಿದ ಐದಾರು ದಿನಕ್ಕೆ ಗೂಡು ಬಿಡಿಸಿ ಮಾರುಕಟ್ಟೆಗೆ ಸಾಗಿಸಲೇಬೇಕು. ಹತ್ತು ದಿನ ದಾಟಿತೆಂದರೆ ಒಳಗಿನದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ಅಂಥ ಗೂಡನ್ನು ನೂಲು ಬಿಚ್ಚುವ ರೀಲರುಗಳು ಮುಟ್ಟುವುದಿಲ್ಲ. 2017ರ ಅಕ್ಟೋಬರಿನಲ್ಲಿ ನಮ್ಮ ಟಾಟಾ ಏಸ್ ಎಂಬ ಸಣ್ಣ ಸರಕು ಗಾಡಿ ಕೆರೆಯಂಗಳದ ದಾರಿಯಲ್ಲಿ ಆಕ್ಸಲ್‌ವರೆಗೆ ಹೂತು ಎರಡು ದಿನ ಅಲ್ಲೇ ನಿಂತಿತು. ಮೂಟೆಯೊಳಗೆ ಬೆವರಿದ ಗೂಡಿಗೆ ಅರ್ಧ ಬೆಲೆಯೂ ಸಿಗಲಿಲ್ಲ, ಸುಮಾರು ನಲವತ್ತು ಸಾವಿರ ಹೋಯಿತು. ಟ್ರ್ಯಾಕ್ಟರ್ ಸಾಕಲ್ಲವೇ ಎಂದು ಕೇಳಿದವರಿಗೆ ನನ್ನ ಉತ್ತರ ಒಂದೇ: ಕೆಸರಿನ ಇಳಿಜಾರಿನಲ್ಲಿ ತುಂಬಿದ ಟ್ರೈಲರ್ ಹಿಂದಿನಿಂದ ದೂಡುವಾಗ ಸೀಟಿನ ಮೇಲೆ ಕೂತು ನೋಡಿ.

ನನ್ನ ಮೊದಲ ಆಸೆ ಇದ್ದುದು ಶಕ್ತಿಮಾನ್ ಲಾರಿಯ ಮೇಲೆ. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್‌ಪುರದಲ್ಲಿ ತಯಾರಾಗುತ್ತಿದ್ದ ಆ ಗಾಡಿ ಮಲೆನಾಡಿನಲ್ಲಿ ದಿಮ್ಮಿ ಎಳೆಯುವುದನ್ನು ಹುಡುಗನಾಗಿದ್ದಾಗ ನೋಡಿದ್ದೆ. ಆದರೆ ಬಿಡಿಭಾಗ ಹುಡುಕಿ ಅಲೆಯುವ ವಯಸ್ಸು ನನ್ನದಲ್ಲ. ಸೇನೆಯ ಹಳೆಯ ಜೋಂಗಾ ಜೀಪು ನೋಡಲು ಚೆಂದ, ಆದರೆ ಅದರ ದೊಡ್ಡ ಪೆಟ್ರೋಲ್ ಎಂಜಿನ್ನಿಗೆ ಇಂಧನ ಹಾಕುವುದಕ್ಕಿಂತ ಗೂಡನ್ನು ಕೆರೆಗೆ ಸುರಿಯುವುದು ಅಗ್ಗ. ಕೊನೆಗೆ ಟಾಟಾ ಎಲ್‌ಪಿಟಿಎ 713 ಲಾರಿ ಎಂದು ತೀರ್ಮಾನಿಸಿದೆ. ನಾಲ್ಕು ಚಕ್ರಕ್ಕೂ ಎಳೆತವಿದೆ, ಎಂಜಿನ್ ನಮ್ಮ ಹಳೆಯ ಟಾಟಾ ಲಾರಿಗಳಲ್ಲಿರುವ 697 ಮಾದರಿಯ ಬಳಗದ್ದು, ಹಿಂದೆಯೂ ಒಂಟಿ ಚಕ್ರ ಇರುವುದರಿಂದ ಮುಂದಿನ ಚಕ್ರ ಕೊರೆದ ಜಾಡಿನಲ್ಲೇ ಹಿಂದಿನದೂ ಬರುತ್ತದೆ. ಕೆಸರಿನಲ್ಲಿ ಇದರ ಬೆಲೆ ಏನೆಂದು ಜೋಡಿ ಚಕ್ರದ ನಡುವೆ ಕಲ್ಲು ಸಿಕ್ಕಿಸಿಕೊಂಡವರಿಗೆ ಗೊತ್ತು.

ಎಂಎಸ್‌ಟಿಸಿ ಎಂಬ ಕೇಂದ್ರ ಸರ್ಕಾರಿ ಕಂಪನಿಯ ಮೂಲಕ ನಡೆಯುವ ಹರಾಜಿನಲ್ಲಿ ನಾನು ನೋಡಿದ ಲಾಟಿನಲ್ಲಿ, ಅಂದರೆ ಒಟ್ಟಿಗೆ ಮಾರುವ ಗುಂಪಿನಲ್ಲಿ, ಮೂರು ಗಾಡಿಗಳಿದ್ದವು, ಬಿಡಿಯಾಗಿ ಕೊಡುವುದಿಲ್ಲ. ಕೊಳವೆಬಾವಿ ಕೆಲಸದವರೊಬ್ಬರು, ಕಲ್ಲು ಕ್ವಾರಿಯವರೊಬ್ಬರು ಮತ್ತು ನಾನು ಸೇರಿ ಕೂಗಿದೆವು. ಒಟ್ಟು ಎಂಟು ಲಕ್ಷದ ಎಪ್ಪತ್ತು ಸಾವಿರಕ್ಕೆ ನಿಂತಿತೆಂದು ನೆನಪು. ತಲೆಗೆ ಎರಡು ಲಕ್ಷದ ತೊಂಬತ್ತು ಸಾವಿರ, ಅದರ ಮೇಲೆ ಜಿಎಸ್‌ಟಿ ಐವತ್ತೆರಡು ಸಾವಿರ. ಮೂವರಲ್ಲಿ ಯಾರಿಗೆ ಯಾವ ಗಾಡಿ ಎಂಬುದನ್ನು ಮೊದಲೇ ಚೀಟಿ ಎತ್ತಿ ಬರೆದಿಟ್ಟುಕೊಳ್ಳಿ. ನಾವು ಹಾಗೆ ಮಾಡದೆ, ಗಾಡಿಗಳಿದ್ದ ಸೇನೆಯ ಡಿಪೊ ಗೇಟಿನ ಮುಂದೆ ಒಂದು ಮಧ್ಯಾಹ್ನವೆಲ್ಲ ಜಗಳವಾಡಿದೆವು.

ನೋಡಲು ಬಿಟ್ಟ ದಿನ ನಾನು ಮಾಡಿದ ತಪ್ಪು ಎಂದರೆ ಮೀಟರ್ ನೋಡಿ ಹಿಗ್ಗಿದ್ದು. ಹನ್ನೆರಡು ವರ್ಷದ ಗಾಡಿ ನಲವತ್ತು ಸಾವಿರ ಕಿಲೋಮೀಟರೂ ಓಡಿರಲಿಲ್ಲ. ಓಡಿಲ್ಲವೆಂದರೆ ನಿಂತಿದೆ ಎಂದರ್ಥ, ಬಿಸಿಲು ಮಳೆಯಲ್ಲಿ ನಿಂತ ಗಾಡಿಯಲ್ಲಿ ಮೊದಲು ಸಾಯುವುದು ರಬ್ಬರು ಎಂಬುದು ದಿನವೂ ರಿಪೇರಿ ಮಾಡುವ ನನಗೇ ಆ ಹೊತ್ತಿಗೆ ಹೊಳೆಯಲಿಲ್ಲ. ಟೈರುಗಳಲ್ಲಿ ನೆಲ ಕಚ್ಚುವ ಗುಂಡಿ ಸವೆಯದೆ ಹಾಗೆಯೇ ಇತ್ತು, ಆದರೆ ಅಂಚಿನಲ್ಲಿ ಉಗುರು ಇಳಿಯುವಷ್ಟು ಬಿರುಕು. ಡೀಸೆಲ್ ಟ್ಯಾಂಕಿನ ತಳದಲ್ಲಿ ಬೆಲ್ಲದ ಪಾಕದಂಥ ಮಡ್ಡಿ ಕಟ್ಟಿತ್ತು. ಮುಂದಿನ ಆಕ್ಸಲಿನ ಎರಡೂ ಬದಿಯ ಸೀಲು ಒಣಗಿ, ಚಕ್ರ ತಿರುಗಿಸಿದರೆ ಎಣ್ಣೆ ಜಿನುಗುತ್ತಿತ್ತು.

ನೋಂದಣಿಯಿಲ್ಲದ ಗಾಡಿಯನ್ನು ಓಡಿಸಿಕೊಂಡು ಬರುವಂತಿಲ್ಲವಾದ್ದರಿಂದ ಗಾಡಿ ಹೊರುವ ತಗ್ಗಿನ ಲೋಬೆಡ್ ಲಾರಿ ಹಿಡಿದು, ಚಿತ್ತೂರು ದಾಟಿ ಮೊಗಿಲಿ ಘಾಟಿ ಹತ್ತಿಸಿ, ನಂಗಲಿ, ಮುಳಬಾಗಿಲು ಮಾರ್ಗವಾಗಿ ತಂದೆ. ಅದಕ್ಕೆ ನಲವತ್ತು ಸಾವಿರ.

ನಿಜವಾದ ಪರೀಕ್ಷೆ ಇದ್ದುದು ಕಾಗದದಲ್ಲಿ. ಸೇನೆಯ ಗಾಡಿಗೆ ಮಾರಿದ ಕಚೇರಿಯವರೇ ಕೊಡುವ ಫಾರಂ 21ರ ಮೂಲ ಮಾರಾಟ ಪತ್ರ ಬೇಕು. ಅದಿಲ್ಲದೆ ಸಾರಿಗೆ ಕಚೇರಿಯಲ್ಲಿ ಫೈಲು ಅಲುಗುವುದಿಲ್ಲ. ನನ್ನ ಪತ್ರದಲ್ಲಿ ಚಾಸಿ ನಂಬರಿನ ಒಂದು 8 ಇದ್ದಲ್ಲಿ 3 ಎಂದು ಟೈಪಾಗಿತ್ತು. ಚಾಸಿಯ ಮೇಲಿನ ಬಣ್ಣ ಕೆರೆದು, ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದ ಇನ್‌ಸ್ಪೆಕ್ಟರ್ ಆ ಒಂದು ಅಂಕಿಯ ಮೇಲೆ ಬೆರಳಿಟ್ಟು ಫೈಲನ್ನು ಮುಚ್ಚಿದರು. ಅದನ್ನು ತಿದ್ದಿಸಿಕೊಂಡು ಬರಲು ಏಳು ತಿಂಗಳು, ಮೂರು ಪ್ರಯಾಣ, ಲೆಕ್ಕವಿಲ್ಲದಷ್ಟು ಅಂಚೆ. ಗಾಡಿಯನ್ನು ಡಿಪೊದಿಂದ ಹೊರಗೆ ತರುವ ಮುಂಚೆ ನೀವೇ ಪೆನ್ಸಿಲ್ ಅಚ್ಚು ತೆಗೆದು, ಪತ್ರದ ಪಕ್ಕದಲ್ಲಿಟ್ಟು ಅಂಕಿ ಅಂಕಿಯಾಗಿ ಓದಿ. ಇನ್ನೊಂದು ವಿಷಯ: ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನಿಯಮ 2023ರ ಏಪ್ರಿಲ್ 1ರಿಂದ ಬಿಗಿಯಾಗಿದೆ, ಬಹಳಷ್ಟು ಗಾಡಿಗಳು ನೇರವಾಗಿ ಗುಜರಿ ಕೇಂದ್ರಕ್ಕೆ ಹೋಗುತ್ತವೆ. ಲಾಟಿನ ವಿವರದಲ್ಲಿ ಗುಜರಿಗೆ ಮಾತ್ರ ಎಂದಿದ್ದರೆ ಬೆಲೆ ನೋಡಿ ಬಾಯಿ ಬಿಡಬೇಡಿ, ಅದು ರಸ್ತೆಗೆ ಬರುವುದಿಲ್ಲ.

ಬಣ್ಣದ ಕಥೆ ಬೇರೆಯೇ ಇದೆ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆ ಮಿಲಿಟರಿ ಹಸಿರು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ನಾನು ಹೊರಗೆಲ್ಲ ಇಟ್ಟಿಗೆ ಬಣ್ಣ ಹೊಡೆಸಿ, ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ತಪಾಸಣೆಗೆ, ಅಂದರೆ ಎಫ್‌ಸಿಗೆ ಒಯ್ದರೆ, ಎಂಜಿನ್ ಮುಚ್ಚಳದ ಒಳಗೂ ಸೀಟಿನ ಕೆಳಗೂ ಹಸಿರು ಉಳಿದಿದೆಯೆಂದು ವಾಪಸ್ ಕಳುಹಿಸಿದರು. ಎರಡನೆಯ ಸಲ ಒಳಗೂ ಹೊಡೆಸಿದೆ. ಬಾಗಿಲ ಒಳಬದಿಯಲ್ಲಿದ್ದ ಸೇನೆಯ ನಂಬರಿನ ಮೇಲ್ಮುಖ ಬಾಣದ ಗುರುತು ಮತ್ತು ಅದರ ಪಕ್ಕದ, ವರ್ಷ ಹೇಳುವ 06 ಎಂಬ ಅಂಕಿಯನ್ನು ಮುಚ್ಚುವಾಗ ಪೇಂಟರ್ ಹುಡುಗನಿಗೇ ಮನಸ್ಸಾಗದೆ, "ಅಣ್ಣಾ, ಇದೊಂದನ್ನ ಬಿಡ್ಲಾ?" ಎಂದು ಕೇಳಿದ. ಬಿಡಲಿಲ್ಲ.

ಈ ಗಾಡಿಯ ವಿದ್ಯುತ್ತು 24 ವೋಲ್ಟಿನದು, ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತದೆ. ರೇಡಿಯೊ ಮತ್ತು ಒಂದು ಸಣ್ಣ ಫ್ಯಾನಿಗೆ 12 ವೋಲ್ಟ್ ಬೇಕೆಂದು ಒಂದೇ ಬ್ಯಾಟರಿಯಿಂದ ತಂತಿ ಎಳೆದೆ. ಹಾಗೆ ಮಾಡಿದರೆ ಚಾರ್ಜಿನಲ್ಲಿ ಒಂದು ಬ್ಯಾಟರಿ ಸದಾ ಅರೆಹೊಟ್ಟೆ, ಇನ್ನೊಂದು ಸದಾ ಅಜೀರ್ಣ. ನಾಲ್ಕೇ ತಿಂಗಳಿಗೆ ಒಂದು ಬ್ಯಾಟರಿ ಹೊಟ್ಟೆಯುಬ್ಬಿ ಹೋಯಿತು, ಹನ್ನೆರಡು ಸಾವಿರ. ನಾನೇ ಗಿರಾಕಿಗಳಿಗೆ ಬೈಯುವ ತಪ್ಪು ಇದು. ಈಗ 24 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿದ್ದೇನೆ.

ಹೊಸ ಹುರುಪಿನಲ್ಲಿ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಹೊಲದ ಬದುವಿನಲ್ಲಿ ಹೊಂಗೆ ಮರಗಳಿವೆ, ಗಾಣದಲ್ಲಿ ಎಣ್ಣೆ ಬಿಡಿಸಿ, ಬಟ್ಟೆಯಲ್ಲಿ ಸೋಸಿ, ಐದು ಲೀಟರ್ ಡೀಸೆಲಿಗೆ ಒಂದು ಲೀಟರಿನಂತೆ ಬೆರೆಸಿದೆ. ಅಕ್ಟೋಬರ್ ಮುಗಿಯುವವರೆಗೆ ಗಾಡಿ ಚೆನ್ನಾಗಿಯೇ ಓಡಿತು, ಹಿಂದೆ ಬರುವವರಿಗೆ ಹಬ್ಬದಡುಗೆಯ ಕಮಟು ವಾಸನೆ. ಡಿಸೆಂಬರಿನ ಮಂಜಿನ ಬೆಳಗ್ಗೆ ಎಣ್ಣೆ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಂಡಿತು. ಎಂಜಿನ್ನಿಗೆ ಡೀಸೆಲ್ ಏರಿಸುವ ಕೈಪಂಪು ಒತ್ತಿ ಒತ್ತಿ ಹೆಬ್ಬೆರಳು ಊದಿತೇ ಹೊರತು ಎಂಜಿನ್ ಹಿಡಿಯಲಿಲ್ಲ. ಚಳಿಗಾಲಕ್ಕೆಂದೇ ಇಟ್ಟ ಗಾಡಿ ಚಳಿಗೇ ನಿಂತಿತೆಂದು ಊರೆಲ್ಲ ಸುದ್ದಿಯಾಯಿತು. ಎಣ್ಣೆಯನ್ನು ಹಾಗೇ ಹಾಕದೆ ಬಯೋಡೀಸೆಲ್ ಮಾಡಿಕೊಂಡು ಹಾಕಬೇಕಿತ್ತು. ಅಷ್ಟು ತಾಳ್ಮೆ ನನಗಿಲ್ಲ, ಉಳಿದ ಎಣ್ಣೆ ದೀಪಕ್ಕಾಯಿತು.

ಕೆಸರಿನಲ್ಲಿ ಗಾಡಿಯನ್ನು ದಾಟಿಸುವುದು ಎಂಜಿನ್ನಿಗಿಂತ ಹೆಚ್ಚಾಗಿ ಟೈರಿನ ಗಾಳಿ. ಗಾಳಿ ಇಳಿಸಬೇಕೆಂದು ಎಲ್ಲರಿಗೂ ಗೊತ್ತು. ಮುಂದಕ್ಕೆಷ್ಟು ಹಿಂದಕ್ಕೆಷ್ಟು ಎಂಬುದನ್ನು ಮೂರು ಮಳೆಗಾಲ ಹೂತು ಎದ್ದು ಕಂಡುಕೊಂಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಆಕ್ಸಲಿನ ಸೀಲು ಯಾವ ಗಾಡಿಯದು ಕೂರುತ್ತದೆ ಎಂಬುದನ್ನೂ ಶೆಡ್ಡಿಗೆ ಬಂದು ಕಾಫಿ ಕುಡಿದವರಿಗೆ ಮಾತ್ರ ಹೇಳುತ್ತೇನೆ. ಒಂದನ್ನು ಮಾತ್ರ ಮುಚ್ಚಿಡಬಾರದು: ಟಾರು ರಸ್ತೆ ಸಿಕ್ಕಕೂಡಲೇ ಲಿವರ್ ಎಳೆದು ಮುಂದಿನ ಆಕ್ಸಲಿನ ಎಳೆತವನ್ನು ಬಿಡಿಸಿ. ನಮ್ಮ ಹುಡುಗ ಬಿಡಿಸದೆ ದಿಬ್ಬೂರಹಳ್ಳಿಯವರೆಗೆ ಓಡಿಸಿ, ತಿರುವಿನಲ್ಲಿ ಎಲ್ಲ ಬಿಗಿದುಕೊಂಡು ಲಿವರ್ ಅಲುಗದಂತಾಯಿತು. ನಾಲ್ಕು ಮಾರು ಹಿಂದಕ್ಕೆ ತೆಗೆದ ಮೇಲೆ ದೊಡ್ಡ ಸದ್ದಿನೊಂದಿಗೆ ಬಿಟ್ಟುಕೊಂಡಿತು. ಇನ್ನೊಂದು ಮೈಲಿ ಹೋಗಿದ್ದರೆ ಗೇರುಪೆಟ್ಟಿಗೆ ನನ್ನ ಶೆಡ್ಡಿನಲ್ಲೇ ಬಿಚ್ಚಿಕೊಳ್ಳುತ್ತಿತ್ತು.

2021ರ ನವೆಂಬರಿನ ಮಳೆ ನಮ್ಮ ಜಿಲ್ಲೆಯವರು ಯಾರೂ ಮರೆಯುವಂಥದ್ದಲ್ಲ. ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ನಮ್ಮಲ್ಲಿ ಚಿಕ್ಕಪ್ಪನವರದೂ ಸೇರಿ ನಾಲ್ಕು ಮನೆಗಳ ಗೂಡು ಒಟ್ಟಿಗೆ ಬಿಡಿಸಲು ಬಂದಿತ್ತು, ಎಲ್ಲ ಕೂಡಿ ಮುನ್ನೂರು ಕೆಜಿ ಇರಬಹುದು. ಗೂಡಿಗೆ ತೂಕ ಕಡಿಮೆ, ಜಾಗ ಹೆಚ್ಚು. ತೂಕ ಸಾಲದೆ ಹಿಂದಿನ ಚಕ್ರ ಜಾರೀತೆಂದು ಹಿಂಬದಿಗೆ ಎಂಟು ಮೂಟೆ ಮರಳು ಹಾಕಿ, ಮೇಲೆ ಹಲಗೆ ಹಾಸಿ, ಗೂಡನ್ನು ಸಡಿಲವಾಗಿ ಹರಡಿ ಟಾರ್ಪಾಲ್ ಕಟ್ಟಿದೆವು. ಕೋಡಿ ನೀರು ರಸ್ತೆಗೆ ಅಡ್ಡ ಹರಿಯುತ್ತಿದ್ದ ಮೊದಲ ದಾರಿಯಲ್ಲಿ ಕೋಲು ಊರಿ ನೋಡಿದರೆ ತೊಡೆಮಟ್ಟ. ಲಾರಿ ಎತ್ತರವಾಗಿದೆಯೆಂದು ನುಗ್ಗಿಸುವವರು ನುಗ್ಗಿಸಲಿ, ಹರಿಯುವ ನೀರಿಗೆ ನಾನು ಇಳಿಸುವುದಿಲ್ಲ. ಹಿಂದಕ್ಕೆ ತಿರುಗಿಸಿ ಕೆರೆಯಂಗಳದ ಮೇಲುಗಡೆಯ ಹೊಲದ ದಾರಿ ಹಿಡಿದೆ. ನಾಲ್ಕು ವರ್ಷದ ಹಿಂದೆ ಏಸ್ ಹೂತ ಜಾಗವೂ ಅದೇ ದಾರಿಯಲ್ಲಿದೆ. ನಿಧಾನಕ್ಕೆ ಹೆಚ್ಚು ಬಲದಿಂದ ಎಳೆಯುವ ಕಿರುಗೇರಿಗೆ ಹಾಕಿ, ಆಕ್ಸಿಲೇಟರ್ ಒತ್ತದೆ, ಎಂಜಿನ್ ತನ್ನಷ್ಟಕ್ಕೆ ಎಳೆಯಲೆಂದು ಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ ಕಂಬಿ ಹಿಡಿದುಕೊಂಡು ಒಂದು ಮಾತೂ ಆಡಲಿಲ್ಲ. ಒಂಬತ್ತೂವರೆಗೆ ಮಾರುಕಟ್ಟೆಯಲ್ಲಿದ್ದೆವು. ಮಳೆಗೆ ಬಂದ ಗೂಡೇ ಕಡಿಮೆ, ಕೆಜಿಗೆ ಐನೂರರ ಆಚೀಚೆ ಸಿಕ್ಕಿತು.

ಟೈರಿಗೆ ಒಂದು ಲಕ್ಷದ ಮೇಲೆ, ಪಂಪು ನಾಝಲಿಗೆ ಇಪ್ಪತ್ತೆರಡು ಸಾವಿರ, ಬ್ರೇಕು ಸೀಲಿಗೆ ಮೂವತ್ತೆರಡು, ಬ್ಯಾಟರಿಗಳಿಗೆ ಕೆಟ್ಟದ್ದೂ ಸೇರಿ ಮೂವತ್ತಾರು, ಎರಡು ಸಲದ ಬಣ್ಣಕ್ಕೆ ಇಪ್ಪತ್ತೆಂಟು, ನೋಂದಣಿ, ವಿಮೆ, ಓಡಾಟಕ್ಕೆ ಅರುವತ್ತು ಸಾವಿರ. ಗಾಡಿಯ ಬೆಲೆ ಸೇರಿದರೆ ಆರೂವರೆ ಲಕ್ಷದಷ್ಟು ಆಗಿದೆ. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಆ ದಿನ ಗಾಡಿಗೆ ಖುಷಿಯಾಗಿದೆ ಎಂದುಕೊಳ್ಳಬೇಕು. ದಿನದ ಕೆಲಸಕ್ಕೆ ಇದನ್ನು ಇಟ್ಟರೆ ಮನೆ ಮಠ ಹೋಗುತ್ತದೆ, ಇಟ್ಟ ಜಾಗದಲ್ಲೇ ಬಿಟ್ಟರೆ ಡಿಪೊದಲ್ಲಿ ಆದದ್ದೇ ಆಗುತ್ತದೆ. ಅದಕ್ಕೆ ಪ್ರತಿ ಭಾನುವಾರ ಐದಾರು ಕಿಲೋಮೀಟರ್ ಓಡಿಸಿ, ಉತ್ತ ಹೊಲದಲ್ಲಿ ಮುಂದಿನ ಆಕ್ಸಲ್ ಹಾಕಿ ಒಂದು ಸುತ್ತು ತಿರುಗಿಸಿ, ಟ್ಯಾಂಕನ್ನು ತುಂಬಿಸಿಯೇ ನಿಲ್ಲಿಸುತ್ತೇನೆ. ಟ್ಯಾಂಕಿನಲ್ಲಿ ಜಾಗ ಬಿಟ್ಟರೆ ಚಳಿಗೆ ನೀರು ಇಳಿಯುತ್ತದೆ. ಎಡಗಡೆಯ ಸೀಲು ಈಗಲೂ ಜಿನುಗುತ್ತಿದೆ. ಹುಣಸೆ ಮರದ ಕೆಳಗೆ ಆ ಚಕ್ರದಡಿಯಲ್ಲಿ ಒಂದು ಡಾಲ್ಡಾ ಡಬ್ಬ ಇಟ್ಟಿದ್ದೇನೆ, ತಿಂಗಳಿಗೆ ಕಾಲು ಡಬ್ಬ ತುಂಬುತ್ತದೆ.