ಇಬ್ಬರು ಗೆಳೆಯರು, ಎರಡು ಬ್ಯಾಗು, ಟೋಕಿಯೊದಲ್ಲಿ ಮೂರು ದಿನ

ಟೋಕಿಯೊದ ರೈಲು ನಕಾಶೆ ಮೊದಲ ನೋಟಕ್ಕೆ ಬಣ್ಣಬಣ್ಣದ ನೂಲಿನ ಉಂಡೆ ಬಿಚ್ಚಿ ಬಿದ್ದಂತೆ ಕಾಣುತ್ತದೆ. ಅದನ್ನು ಪೂರ್ತಿ ಅರ್ಥ ಮಾಡಿಕೊಳ್ಳುವ ಹಟ ಬೇಡ. ಅದರ ನಡುವೆ ತಿಳಿಹಸಿರಿನ ಒಂದು ಉಂಗುರವಿದೆ, ಅದೇ ಯಾಮಾನೋತೆ ಲೈನ್. ಉದ್ದ 34.5 ಕಿ.ಮೀ., ನಿಲ್ದಾಣಗಳು 30, ಒಂದು ಸುತ್ತು ಮುಗಿಸಲು ಸುಮಾರು ಒಂದು ತಾಸು. ಮೊದಲ ಸಲ ಹೋಗುವವರು ನೋಡಬೇಕೆನ್ನುವ ಜಾಗಗಳಲ್ಲಿ ಹೆಚ್ಚಿನವು ಈ ಉಂಗುರದ ಮೇಲೆ, ಇಲ್ಲವೇ ಅದರಿಂದ ಸ್ವಲ್ಪವೇ ದೂರದಲ್ಲಿವೆ. ತಂಗುವ ಹಾಸ್ಟೆಲನ್ನೂ ಇದರ ಒಂದು ನಿಲ್ದಾಣದಿಂದ ಹತ್ತು ನಿಮಿಷ ನಡೆಯುವಷ್ಟು ದೂರದೊಳಗೇ ಹಿಡಿಯಿರಿ. ಬಾಡಿಗೆ ಕಡಿಮೆ ಎಂದು ಎರಡು ಲೈನ್ ಬದಲಿಸಬೇಕಾದ ಕಡೆ ತಂಗಿದರೆ, ಉಳಿಸಿದ ಹಣ ರೈಲಿಗೂ, ಇದ್ದ ಶಕ್ತಿ ಮೆಟ್ಟಿಲಿಗೂ ಹೋಗುತ್ತದೆ.

ವಿಮಾನ ನಿಲ್ದಾಣದಿಂದ

ಹನೇದಾದಲ್ಲಿ ಇಳಿದರೆ ಕೇಕ್ಯೂ ರೈಲು ಶಿನಾಗಾವಾಕ್ಕೂ ಮೋನೋರೈಲು ಹಮಾಮತ್ಸುಚೋಗೂ ತಲುಪಿಸುತ್ತವೆ, ಎರಡೂ ಸುಮಾರು ಇಪ್ಪತ್ತು ನಿಮಿಷದ ಹಾದಿ. ನರಿತಾ ದೂರ, ಊರಿನಿಂದ ಸುಮಾರು 60 ಕಿ.ಮೀ. ಅಲ್ಲಿಂದ ಸ್ಕೈಲೈನರ್ ರೈಲು ನಿಪ್ಪೋರಿ ಮತ್ತು ಉಎನೋಗೆ ಬರುತ್ತದೆ. ಈ ನಾಲ್ಕೂ ನಿಲ್ದಾಣಗಳು ಹಸಿರು ಉಂಗುರದ ಮೇಲೇ ಇವೆ. ಹಾಗಾಗಿ ಹನೇದಾಕ್ಕೆ ಬರುವವರಿಗೆ ಉಂಗುರದ ದಕ್ಷಿಣ ಭಾಗವೂ ನರಿತಾಕ್ಕೆ ಬರುವವರಿಗೆ ಉಎನೋ ಸುತ್ತಮುತ್ತಲೂ ತಂಗಲು ಅನುಕೂಲ.

ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ದೊಡ್ಡ ಬ್ಯಾಗ್ ಹೊತ್ತು ರೈಲು ಹತ್ತಬೇಡಿ. ಆ ಹೊತ್ತಿನಲ್ಲಿ ಬಂದಿಳಿದರೆ ವಿಮಾನ ನಿಲ್ದಾಣದಲ್ಲೇ ತಿಂಡಿ ಮುಗಿಸಿ ಹೊರಡಿ. ಬೇರೆ ಹೊತ್ತಿನಲ್ಲೂ ಬೋಗಿಯೊಳಗೆ ಕಾಲಿಡುವ ಮುನ್ನ ಬ್ಯಾಗನ್ನು ಬೆನ್ನಿನಿಂದ ಎದೆಗೆ ತಿರುಗಿಸಿಕೊಳ್ಳುವುದು ಅಲ್ಲಿನ ರೂಢಿ. ನೀವು ತಿರುಗಿದಾಗ ಹಿಂದಿನವರ ಮುಖಕ್ಕೆ ಬ್ಯಾಗ್ ಬಡಿಯುವುದು ಇದರಿಂದ ತಪ್ಪುತ್ತದೆ.

ಒಬ್ಬರಿಗೆ ಒಂದು ಕಾರ್ಡು

ಇಳಿದ ಕೂಡಲೇ ಮಾಡಬೇಕಾದ ಕೆಲಸ ಸುಯಿಕಾ ಅಥವಾ ಪಾಸ್ಮೊ ಎಂಬ, ಹಣ ತುಂಬಿ ಗೇಟಿಗೆ ತಾಗಿಸುವ ರೈಲು ಕಾರ್ಡ್ ಪಡೆಯುವುದು. ಎರಡೂ ಒಂದೇ ರೀತಿ ಕೆಲಸ ಮಾಡುತ್ತವೆ. ಒಂದೇ ಕಾರ್ಡಿನಲ್ಲಿ ಇಬ್ಬರೂ ಹೋಗಬಹುದು ಎಂದುಕೊಂಡು ಎಡವುವವರು ಬಹಳ. ಮೊದಲನೆಯವರು ಗೇಟಿಗೆ ತಾಗಿಸಿ ಒಳಗೆ ಹೋದ ಮೇಲೆ ಆ ಕಾರ್ಡಿನ ಲೆಕ್ಕದಲ್ಲಿ ಒಬ್ಬ ಪ್ರಯಾಣಿಕ ಒಳಗಿದ್ದಾನೆ. ಎರಡನೆಯವರು ಅದನ್ನೇ ತಾಗಿಸಿದರೆ ರೆಕ್ಕೆಯಂಥ ಬಾಗಿಲು ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಇರಲಿ. ಹೆಚ್ಚಿನ ಯಂತ್ರಗಳು ಕಾರ್ಡಿಗೆ ಹಣ ತುಂಬಲು ನೋಟನ್ನೇ ಕೇಳುತ್ತವೆ, ಹಾಗಾಗಿ ಸ್ವಲ್ಪ ನಗದು ಕೈಯಲ್ಲಿರಬೇಕು.

ಇಳಿಯುವ ಗೇಟಿನಲ್ಲಿ ಹಣ ಸಾಲದೆ ಬಾಗಿಲು ಮುಚ್ಚಿದರೆ ಗಾಬರಿಯಾಗಬೇಕಿಲ್ಲ. ಗೇಟಿನ ಒಳಬದಿಯಲ್ಲೇ ಬಾಕಿ ದರ ಕಟ್ಟುವ ಯಂತ್ರ ಇರುತ್ತದೆ. ಕಾರ್ಡ್ ಹಾಕಿ, ಹಣ ತುಂಬಿ, ಹೊರಬನ್ನಿ.

ನೆಲದಡಿ ಎರಡು ಬೇರೆ ಸಂಸ್ಥೆಗಳು ಮೆಟ್ರೊ ಓಡಿಸುತ್ತವೆ: ಟೋಕಿಯೊ ಮೆಟ್ರೊಗೆ ಒಂಬತ್ತು ಲೈನು, ತೋಯೆಯಿಗೆ ನಾಲ್ಕು. ಒಂದರಿಂದ ಇನ್ನೊಂದಕ್ಕೆ ಬದಲಿಸಿದರೆ ದರ ಮತ್ತೆ ಮೊದಲಿನಿಂದ ಶುರು, ಚಿಕ್ಕ ರಿಯಾಯಿತಿ ಮಾತ್ರ ಸಿಗುತ್ತದೆ. ಹಸಿರು ಉಂಗುರ ಇವೆರಡಕ್ಕೂ ಸೇರದು, ಅದು ಜೆಆರ್ (ಜಪಾನ್ ರೈಲ್ವೇಸ್) ಸಂಸ್ಥೆಯದು. ಮೊಬೈಲಿನ ನಕಾಶೆ ಮೂರು ದಾರಿ ತೋರಿಸಿದಾಗ ಎರಡು ನಿಮಿಷ ಹೆಚ್ಚು ಹಿಡಿದರೂ ಒಂದೇ ಸಂಸ್ಥೆಯೊಳಗೆ ಮುಗಿಯುವ ದಾರಿಯನ್ನೇ ಆರಿಸಿಕೊಳ್ಳಿ.

ಲಾಕರ್ ಎಂಬ ಅರ್ಧ ಪ್ರವಾಸ

ಹಾಸ್ಟೆಲ್‌ಗಳಲ್ಲಿ ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರು ಅಥವಾ ನಾಲ್ಕರ ಮೇಲೆ. ಅದಕ್ಕೂ ಮುಂಚೆ ಬಂದರೆ ಬ್ಯಾಗನ್ನು ಮಾತ್ರ ಇಟ್ಟುಕೊಳ್ಳುವಿರಾ ಎಂದು ಕೇಳಿ, ಬಹುತೇಕ ಕಡೆ ಒಪ್ಪುತ್ತಾರೆ. ಕೋಣೆಯ ಬದಲು ಮಲಗುವಷ್ಟೇ ಗೂಡು ಕೊಡುವ ಕ್ಯಾಪ್ಸೂಲ್ ಹೋಟೆಲಾದರೆ ಎರಡು ವಿಷಯ ಮೊದಲೇ ವಿಚಾರಿಸಿಕೊಳ್ಳಿ. ಗಂಡಸರಿಗೂ ಹೆಂಗಸರಿಗೂ ಬೇರೆ ಮಹಡಿ ಇರುವುದು ಸಾಮಾನ್ಯ, ಕೆಲವು ಗಂಡಸರಿಗೆ ಮಾತ್ರ. ಇನ್ನು ಕೆಲವು ಕಡೆ ಎರಡು ಮೂರು ರಾತ್ರಿ ಉಳಿಯುವವರೂ ಪ್ರತಿ ಬೆಳಿಗ್ಗೆ ಸಾಮಾನು ಸಮೇತ ಹೊರಡಬೇಕು.

ಹಾಸ್ಟೆಲ್ ದೂರವಿದ್ದರೆ ನಿಲ್ದಾಣದ ಲಾಕರ್ ಇದೆ. ಸಾಮಾನ್ಯ ಲಾಕರಿನ ಅಗಲ ಸುಮಾರು 34 ಸೆಂ.ಮೀ., ಆಳ 57 ಸೆಂ.ಮೀ. ಚಿಕ್ಕದು, ಮಧ್ಯಮ, ದೊಡ್ಡದು ಎಂಬ ವ್ಯತ್ಯಾಸವೆಲ್ಲ ಎತ್ತರದಲ್ಲಿ. 40 ಲೀಟರಿನ ಬ್ಯಾಗಿಗೆ ಮಧ್ಯಮ ಗಾತ್ರ ಸಾಕು. ಇಬ್ಬರದನ್ನೂ ಒಂದೇ ದೊಡ್ಡ ಲಾಕರಿನಲ್ಲಿ ಒಂದರ ಮೇಲೊಂದು ಇಟ್ಟರೆ ಎರಡು ಮಧ್ಯಮಕ್ಕಿಂತ ಅಗ್ಗ. ಸೊಂಟದ ಪಟ್ಟಿಯನ್ನು ಹಿಂದಕ್ಕೆ ಮಡಚಿ ಬ್ಯಾಗಿನ ಸುತ್ತ ಬಿಗಿದು, ತಲೆಕೆಳಗಾಗಿ ಒಳಗೆ ತಳ್ಳಿ. ಬ್ಯಾಗ್ ಹಿಡಿಸದೇ ಇರುವುದು ಹೆಚ್ಚಾಗಿ ಆ ಪಟ್ಟಿಯ ದೆಸೆಯಿಂದಲೇ.

ಬೀಗದಲ್ಲಿ ಎರಡು ಬಗೆ. ಹಳೆಯದಕ್ಕೆ 100 ಯೆನ್ ನಾಣ್ಯ ಹಾಕಿ ಕೀಲಿ ತಿರುಗಿಸಬೇಕು, ಅದಕ್ಕೆ ಚಿಲ್ಲರೆ ಬೇಕು. ಹೊಸದರಲ್ಲಿ ರೈಲಿನ ಕಾರ್ಡನ್ನೇ ತಾಗಿಸಿ ಹಣ ಕಟ್ಟಬಹುದು. ಹಾಗೆ ಕಟ್ಟಿದಾಗ ಆ ಕಾರ್ಡೇ ಕೀಲಿಯಾಗುತ್ತದೆ. ಸಂಜೆ ಕಾರ್ಡ್ ಇರುವವರು ಶಿಬುಯಾದಲ್ಲಿ, ಇನ್ನೊಬ್ಬರು ಲಾಕರಿನ ಮುಂದೆ ಎಂಬ ಸ್ಥಿತಿ ಬಂದರೆ ಇಬ್ಬರ ಬ್ಯಾಗೂ ಒಳಗೇ ಉಳಿಯುತ್ತವೆ. ಆ ದಿನ ಬೇರೆಯಾಗುವ ಯೋಚನೆ ಇದ್ದರೆ ನಗದು ಕಟ್ಟಿ, ಚೀಟಿಯಲ್ಲಿ ಬರುವ ಸಂಖ್ಯೆಯನ್ನು ಇಬ್ಬರೂ ಫೋಟೊ ತೆಗೆದಿಟ್ಟುಕೊಳ್ಳಿ. ಲಾಕರಿನದಷ್ಟೇ ಸಾಲದು, ಅದರ ಪಕ್ಕದ ಅಂಗಡಿ ಮತ್ತು ಹತ್ತಿರದ ಗೇಟಿನ ಹೆಸರೂ ಫೋಟೊದಲ್ಲಿ ಬರಲಿ, ಯಾಕೆಂದರೆ ಶಿಂಜುಕುವಿನಂಥ ನಿಲ್ದಾಣದಲ್ಲಿ ಲಾಕರಿನ ಸಾಲುಗಳೇ ಹತ್ತಾರು. ದರದ ಲೆಕ್ಕ ಹೆಚ್ಚಿನ ಕಡೆ ದಿನಕ್ಕೆ, 24 ತಾಸಿಗಲ್ಲ. ರಾತ್ರಿ ಹತ್ತಕ್ಕೆ ಇಟ್ಟು ಬೆಳಿಗ್ಗೆ ಎಂಟಕ್ಕೆ ತೆಗೆದರೂ ಎರಡು ದಿನದ ಹಣ ತೆರಬೇಕಾಗುತ್ತದೆ. ಮೂರು ದಿನ ದಾಟಿದರೆ ಸಾಮಾನನ್ನು ತೆಗೆದು ಬೇರೆಡೆ ಸಾಗಿಸುತ್ತಾರೆ.

ಪಾಸ್‌ಪೋರ್ಟ್ ಮಾತ್ರ ಲಾಕರಿಗೆ ಹಾಕಬೇಡಿ. ವಿದೇಶಿ ಪ್ರವಾಸಿಗರು ಅದನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂಬುದು ಜಪಾನಿನ ಕಾನೂನು.

ಮೂರು ದಿನ, ಮೂರು ದಿಕ್ಕು

ಮೊದಲು ನೋಡಬೇಕಾದ್ದು ವಾರ ಯಾವುದೆಂದು. ಉಎನೋದ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಶಿಂಜುಕು ಗ್ಯೋಎನ್ ಉದ್ಯಾನ, ಚಕ್ರವರ್ತಿಯ ಅರಮನೆಯ ಪೂರ್ವ ಉದ್ಯಾನ ಇವು ಸಾಮಾನ್ಯವಾಗಿ ಸೋಮವಾರ ಮುಚ್ಚಿರುತ್ತವೆ. ಪೂರ್ವ ಉದ್ಯಾನಕ್ಕೆ ಶುಕ್ರವಾರವೂ ರಜೆ. ದೇಗುಲಗಳಿಗೆ ರಜೆ ಇಲ್ಲ, ಸೋಮವಾರವನ್ನು ಅವಕ್ಕೆ ಮೀಸಲಿಡಿ. ಎರಡನೆಯದು ಸೂರ್ಯ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಮುಳುಗುತ್ತಾನೆ, ಜೂನಿನಲ್ಲಿ ಬೆಳಿಗ್ಗೆ ನಾಲ್ಕೂವರೆಗೇ ಹುಟ್ಟುತ್ತಾನೆ. ತಡವಾಗಿ ಎದ್ದರೆ ಚಳಿಗಾಲದಲ್ಲಿ ಅರ್ಧ ದಿನವೇ ಹೋಯಿತು.

ಪೂರ್ವಕ್ಕೆ ಒಂದು ದಿನ. ಬೆಳಿಗ್ಗೆ ಏಳಕ್ಕೆ ಅಸಾಕುಸಾದ ಸೆನ್ಸೋಜಿ ದೇಗುಲದಲ್ಲಿರಿ. ಗುಡಿ ಆಗಲೇ ತೆರೆದಿರುತ್ತದೆ, ಮುಂದಿನ 250 ಮೀಟರ್ ಉದ್ದದ ನಕಮಿಸೆ ಬೀದಿಯ ಅಂಗಡಿಗಳು ಇನ್ನೂ ಮುಚ್ಚಿರುತ್ತವೆ, ಆದ್ದರಿಂದ ಜನ ಕಡಿಮೆ. ಕೆಂಪು ಲಾಂದ್ರದ ಮಹಾದ್ವಾರವನ್ನು ಜನರಿಲ್ಲದೆ ನೋಡಲು ಇದೊಂದೇ ಹೊತ್ತು. ಅಸಾಕುಸಾ ಎಂಬ ಹೆಸರಿನ ನಿಲ್ದಾಣಗಳು ಒಂದಕ್ಕಿಂತ ಹೆಚ್ಚಿವೆ, ಅವುಗಳಲ್ಲಿ ಒಂದು ಉಳಿದವುಗಳಿಂದ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ. ಕಿತ್ತಳೆ ಬಣ್ಣದ ಗಿಂಜಾ ಲೈನಿನ ಜಿ19 ಸಂಖ್ಯೆಯದ್ದೇ ಬೇಕಾದದ್ದು. 1927ರಲ್ಲಿ ಉಎನೋ ಮತ್ತು ಅಸಾಕುಸಾ ನಡುವೆ ಶುರುವಾದ ಈ ಲೈನು ಟೋಕಿಯೊದ ಮೊದಲ ಮೆಟ್ರೊ. ಅಲ್ಲಿಂದ ಸುಮಿದಾ ನದಿ ದಾಟಿ ಇಪ್ಪತ್ತು ನಿಮಿಷ ನಡೆದರೆ 634 ಮೀಟರ್ ಎತ್ತರದ ಸ್ಕೈಟ್ರೀ ಗೋಪುರ. ಬುಡದಿಂದ ನೋಡಿ ಮರಳಿದರೂ ನಷ್ಟವಿಲ್ಲ, ಎತ್ತರದ ನೋಟ ಪುಕ್ಕಟೆಯಾಗಿ ಬೇರೆಡೆ ಸಿಗುತ್ತದೆ. ಮಧ್ಯಾಹ್ನ ಉಎನೋ.

ಪಶ್ಚಿಮಕ್ಕೆ ಇನ್ನೊಂದು. ಹರಾಜುಕು ನಿಲ್ದಾಣದ ಪಕ್ಕದಲ್ಲೇ ಮೇಜಿ ದೇಗುಲದ ಕಾಡು. 1920ರಲ್ಲಿ ದೇಗುಲ ಕಟ್ಟಿದಾಗ ಜನ ಕಳಿಸಿದ ಸುಮಾರು ಒಂದು ಲಕ್ಷ ಗಿಡಗಳನ್ನು ನೆಟ್ಟು ಬೆಳೆಸಿದ ಕಾಡು ಅದು. ಒಳಗೆ ಹತ್ತು ಹೆಜ್ಜೆ ಹಾಕಿದರೆ ಊರಿನ ಸದ್ದು ಅಡಗುತ್ತದೆ, ಕಾಲ ಕೆಳಗಿನ ಜಲ್ಲಿಯ ಸದ್ದಷ್ಟೇ ಉಳಿಯುತ್ತದೆ. ಸೂರ್ಯೋದಯಕ್ಕೆ ತೆರೆದು ಸೂರ್ಯಾಸ್ತಕ್ಕೆ ಮುಚ್ಚುತ್ತಾರೆ. ಅಲ್ಲಿಂದ ಶಿಬುಯಾಕ್ಕೆ ನಡೆದೇ ಹೋಗಿ. ಸೂರ್ಯ ಮುಳುಗುವ ಒಂದು ತಾಸು ಮುಂಚೆ ಶಿಂಜುಕುವಿನ ಟೋಕಿಯೊ ಮಹಾನಗರ ಸರ್ಕಾರಿ ಕಟ್ಟಡದ ಸಾಲಿನಲ್ಲಿ ನಿಲ್ಲಿ. 202 ಮೀಟರ್ ಎತ್ತರದಲ್ಲಿ, 45ನೇ ಮಹಡಿಯಲ್ಲಿ ವೀಕ್ಷಣಾಲಯವಿದೆ, ಪ್ರವೇಶ ಉಚಿತ. ಲಿಫ್ಟಿಗೆ ಮೊದಲು ಬ್ಯಾಗ್ ತಪಾಸಣೆ ಇರುವುದರಿಂದ ಚಿಕ್ಕ ಬ್ಯಾಗೇ ಲೇಸು. ಚಳಿಗಾಲದ ತಿಳಿ ಆಕಾಶವಿದ್ದರೆ ಫುಜಿ ಪರ್ವತ ಕಾಣುತ್ತದೆ.

ಮೂರನೆಯ ದಿನ ನಡುವಿನ ಭಾಗ: ತ್ಸುಕಿಜಿಯ ಹೊರ ಮಾರುಕಟ್ಟೆ, ಗಿಂಜಾ, ಅರಮನೆಯ ಪೂರ್ವ ಉದ್ಯಾನ. ಮೀನಿನ ಸಗಟು ವ್ಯಾಪಾರ 2018ರಲ್ಲಿ ತೊಯೋಸುಗೆ ಹೋದರೂ ಹೊರಗಿನ ಗಲ್ಲಿಗಳು ಹಾಗೇ ಇವೆ. ಮಧ್ಯಾಹ್ನದ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕತೊಡಗುತ್ತವೆ, ಹಾಗಾಗಿ ಇದೇ ಮೊದಲು. ಮಾಂಸ ಮೀನು ತಿನ್ನದವರು ಒಂದು ಮಾತು ನೆನಪಿಡಬೇಕು: ತರಕಾರಿ ನೂಡಲ್ಸ್‌ನ ಸಾರಿನಲ್ಲೂ ದಾಶಿ ಎಂಬ ಒಣಮೀನು ಕುದಿಸಿದ ರಸ ಇರುವುದೇ ಹೆಚ್ಚು. ‘ಮಾಂಸ ಬೇಡ’ ಎಂದರೆ ಸಾಲದು, ದಾಶಿಯನ್ನು ಹೆಸರಿಟ್ಟೇ ಕೇಳಬೇಕು.

ಬೇರೆಯಾಗುವುದನ್ನೂ ಯೋಜಿಸಿ

ಮೂರು ದಿನ ಒಬ್ಬರಿಗೊಬ್ಬರು ಅಂಟಿಕೊಂಡೇ ನಡೆದರೆ ಎರಡನೆಯ ಸಂಜೆಗೆ ಜಗಳ ಖಂಡಿತ. ಒಬ್ಬರಿಗೆ ವಸ್ತುಸಂಗ್ರಹಾಲಯ, ಇನ್ನೊಬ್ಬರಿಗೆ ಅಕಿಹಾಬಾರಾದ ಎಲೆಕ್ಟ್ರಾನಿಕ್ಸ್ ಅಂಗಡಿ ಎಂದಾದರೆ ಅರ್ಧ ದಿನ ಬೇರೆಯಾಗಿಯೇ ಹೋಗಿ. ಅದಕ್ಕಾಗಿ ಇಬ್ಬರಿಗೂ ಸ್ವಂತ ಸಿಮ್ ಬೇಕು. ಹಣ ಉಳಿಸಲು ಬಾಡಿಗೆಯ ಒಂದೇ ವೈಫೈ ಸಾಧನ ಹಂಚಿಕೊಂಡರೆ, ಬೇರೆಯಾದ ಕ್ಷಣ ಒಬ್ಬರಿಗೆ ನಕಾಶೆಯೂ ಇಲ್ಲ, ಸಂದೇಶವೂ ಇಲ್ಲ.

ಸೇರುವ ಜಾಗವನ್ನು ‘ಶಿಂಜುಕು ನಿಲ್ದಾಣ’ ಎಂದು ಹೇಳುವುದು ಏನೂ ಹೇಳದಂತೆಯೇ, ಅದಕ್ಕೆ 200ಕ್ಕೂ ಹೆಚ್ಚು ದ್ವಾರಗಳಿವೆ. ಶಿಬುಯಾದ ಹಚಿಕೊ ನಾಯಿಯ ಪ್ರತಿಮೆ ಹೆಸರಾಂತ ಜಾಗ, ಅದಕ್ಕೇ ವಾರಾಂತ್ಯದ ಸಂಜೆ ಅಲ್ಲಿ ಒಬ್ಬರನ್ನು ಹುಡುಕುವುದು ಪ್ರಯಾಸ. ಚಿಕ್ಕ ನಿಲ್ದಾಣ ಆರಿಸಿ, ಗೇಟಿನ ಹೆಸರು ಹೇಳಿ, ಗೇಟಿನ ಹೊರಗೋ ಒಳಗೋ ಎಂಬುದನ್ನೂ ಹೇಳಿ. ಮೊಬೈಲ್ ಸತ್ತರೆ ಅರ್ಧ ತಾಸು ಕಾದು ಹಾಸ್ಟೆಲಿಗೆ ಹೋಗುವುದೆಂದು ಮೊದಲೇ ಮಾತಾಡಿಕೊಳ್ಳಿ. ದಾರಿ ತಪ್ಪಿದರೆ ಕೋಬಾನ್ ಎಂಬ ಪುಟ್ಟ ಪೊಲೀಸ್ ಚೌಕಿಯಲ್ಲಿ ವಿಚಾರಿಸಿ. ದಾರಿ ಹೇಳುವುದು ಅವರ ನಿತ್ಯದ ಕೆಲಸವೇ. ತುರ್ತಿಗೆ ಪೊಲೀಸ್ 110, ಆಂಬುಲೆನ್ಸ್ 119.

ಕೊನೆಯ ರೈಲು ನಡುರಾತ್ರಿಯ ಆಸುಪಾಸಿಗೆ ಹೊರಟುಬಿಡುತ್ತದೆ, ಮತ್ತೆ ಶುರುವಾಗುವುದು ಬೆಳಗಿನ ಜಾವ ಸುಮಾರು ಐದಕ್ಕೆ. ಟ್ಯಾಕ್ಸಿಗೆ ರಾತ್ರಿ ಹತ್ತರಿಂದ ಐದರವರೆಗೆ ಹೆಚ್ಚಿನ ದರ.

ಹಂಚಿಕೊಳ್ಳುವ ಖರ್ಚಿಗೆ ಪ್ರತಿ ಬೆಳಿಗ್ಗೆ ಇಬ್ಬರೂ ಸಮನಾಗಿ ಒಂದು ಪರ್ಸಿಗೆ ನಗದು ಹಾಕಿ, ಲಾಕರ್, ಊಟ, ನೀರು ಎಲ್ಲವನ್ನೂ ಅದರಿಂದಲೇ ಕೊಡಿ. ಟಿಪ್ಸ್ ಕೊಡುವ ಪದ್ಧತಿ ಅಲ್ಲಿಲ್ಲ. ಹೊರಡುವ ದಿನ ರೈಲಿನ ಕಾರ್ಡಿನಲ್ಲಿ ಹಣ ಉಳಿದಿದ್ದರೆ, ವಿಮಾನ ನಿಲ್ದಾಣಕ್ಕೆ ಬೇಕಾದಷ್ಟನ್ನು ಬಿಟ್ಟು ಮಿಕ್ಕಿದ್ದನ್ನು ದಿನಸಿ ಅಂಗಡಿಯಲ್ಲೋ ಪಾನೀಯದ ಯಂತ್ರದಲ್ಲೋ ಖರ್ಚು ಮಾಡಿ. ಪ್ರವಾಸಿಗರಿಗೆಂದೇ ಕೊಡುವ ವೆಲ್‌ಕಮ್ ಸುಯಿಕಾ 28 ದಿನಕ್ಕೆ ಮುಗಿಯುತ್ತದೆ, ಅದರಲ್ಲಿ ಉಳಿದ ಹಣ ವಾಪಸ್ ಬರುವುದಿಲ್ಲ.