ಚಿಪ್ಸ್ ರಾಫರ್ಟಿಗೆ ಕನ್ನಡ ಸಬ್‌ಟೈಟಲ್ ಬರೆದ ನನ್ನ ಅನುಭವ

ಆಸ್ಟ್ರೇಲಿಯಾದ ಹಳೆಯ ನಟ ಚಿಪ್ಸ್ ರಾಫರ್ಟಿಯ ಸಿನಿಮಾಗೆ ಸಬ್‌ಟೈಟಲ್ ಬರೆಯುವಾಗ "ಸ್ಟೇಷನ್" ಅನ್ನೋ ಒಂದು ಪದದ ಮುಂದೆ ಎರಡು ದಿನ ಕೂತಿದ್ದೆ. ಆಸ್ಟ್ರೇಲಿಯಾದಲ್ಲಿ ಸ್ಟೇಷನ್ ಅಂದರೆ ರೈಲು ನಿಲ್ಲುವ ಜಾಗ ಮಾತ್ರ ಅಲ್ಲ. ಕಣ್ಣು ಹಾಯಿಸಿದಷ್ಟು ದೂರ ದನ ಮೇಯುವ ನೆಲಕ್ಕೂ ಅದೇ ಹೆಸರು. "ದನದ ಫಾರ್ಮ್" ಅಂತ ಟೈಪ್ ಮಾಡಿದೆ. ಪಕ್ಕದಲ್ಲಿದ್ದ ಅಪ್ಪ ಓದಿ, "ಫಾರ್ಮ್ ಯಾಕಮ್ಮ, ಇದು ಕಾವಲು ಅಲ್ವಾ?" ಅಂದರು. ನಮ್ಮೂರು ಅಜ್ಜಂಪುರದ ಕಡೆ. ಅಮೃತಮಹಲ್ ದನ ಮೇಯುವ ಹುಲ್ಲುಗಾವಲಿಗೆ ಅಲ್ಲಿ ಕಾವಲು ಅಂತಾರೆ. ಆ ಪದ ಹಾಕಿದ ಮೇಲೆ ಕೆಲಸ ಓಡತೊಡಗಿತು.

ಅಪ್ಪ ಮೆಲ್ಬರ್ನ್‌ಗೆ ನಮ್ಮ ಮನೆಗೆ ಮೂರು ತಿಂಗಳಿಗೆ ಬಂದಿದ್ದರು. ಇಂಗ್ಲಿಷ್ ಬರಲ್ಲ, ದನ ಅಂದರೆ ಪ್ರಾಣ. ಅವರಿಗೆ ತೋರಿಸೋಕೆ ಅಂತ 1946ರ "ದಿ ಓವರ್‌ಲ್ಯಾಂಡರ್ಸ್" ಸಿನಿಮಾಗೆ ನಾನೇ ಕನ್ನಡ ಸಬ್‌ಟೈಟಲ್ ಬರೆಯೋಕೆ ಕೂತೆ. ಇಂಗ್ಲೆಂಡಿನ ಈಲಿಂಗ್ ಸ್ಟುಡಿಯೋಗಾಗಿ ಹ್ಯಾರಿ ವಾಟ್ ಆಸ್ಟ್ರೇಲಿಯಾಕ್ಕೆ ಬಂದು ತೆಗೆದ ಸಿನಿಮಾ ಅದು. ಕಥೆ 1942ರದ್ದು. ಜಪಾನೀಯರು ಬರಬಹುದು ಅನ್ನೋ ಭಯ. ದನಗಳನ್ನು ಕೊಂದು ಊರು ಬಿಡುವ ಬದಲು, ಒಬ್ಬ ಸಾವಿರ ದನಗಳನ್ನು ಹೊಡ್ಕೊಂಡು ದೇಶದ ಆ ತುದಿಯಿಂದ ಈ ತುದಿಗೆ ಹೊರಡುತ್ತಾನೆ. ಎರಡೂವರೆ ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದಾರಿ. ಅವನೇ ಚಿಪ್ಸ್ ರಾಫರ್ಟಿ.

ರಾಫರ್ಟಿ 1909ರಲ್ಲಿ ಗಣಿ ಊರಾದ ಬ್ರೋಕನ್ ಹಿಲ್‌ನಲ್ಲಿ ಹುಟ್ಟಿದವರು. ನಿಜವಾದ ಹೆಸರು ಜಾನ್ ಗಾಫೇಜ್. ಸಿನಿಮಾಕ್ಕೆ ಬರೋ ಮುಂಚೆ ಕುರಿ ಉಣ್ಣೆ ಕತ್ತರಿಸಿದ್ದಾರೆ, ದನ ಹೊಡೆದಿದ್ದಾರೆ, ಓಪಲ್ ಕಲ್ಲು ಅಗೆದಿದ್ದಾರೆ. ಎತ್ತರ ಆರೂವರೆ ಅಡಿ ಹತ್ತಿರ. ಕುದುರೆ ಮೇಲೆ ಕೂತ ಮನುಷ್ಯನ ಬೆನ್ನು ನೋಡಿಯೇ ಅಪ್ಪ, "ಇವನು ಕೆಲಸ ಮಾಡಿದವನು" ಅಂದುಬಿಟ್ಟರು. ಆಗ ನಾನಿನ್ನೂ ಅವರ ಬದುಕಿನ ಬಗ್ಗೆ ಏನೂ ಹೇಳಿರಲಿಲ್ಲ.

ಮೊದಲ ಸಲ ಬರೆದದ್ದು ಸರಿಯಾಗಲಿಲ್ಲ. ರಾಫರ್ಟಿ ಒಂದು ಮಾತಾಡಿ, ಕಣ್ಣು ಕಿರಿದು ಮಾಡಿ ದೂರ ನೋಡುತ್ತಾ, ಆಮೇಲೆ ಇನ್ನೊಂದು ಮಾತಾಡುವವರು. ನಾನು ಎರಡನ್ನೂ ಸೇರಿಸಿ ಉದ್ದ ಸಾಲು ಮಾಡಿದ್ದೆ. ಅಪ್ಪ ತೆರೆಯ ಕೆಳಗೇ ನೋಡುತ್ತಾ ಕೂತರು, ಮುಖ ನೋಡಲೇ ಇಲ್ಲ. ಆಗ ನನಗೆ ಹೊಳೆಯಿತು, ಈ ನಟ ಇರೋದೇ ಆ ಮಾತಿಲ್ಲದ ಜಾಗದಲ್ಲಿ ಅಂತ. ಎಲ್ಲ ಸಾಲುಗಳನ್ನೂ ಒಡೆದೆ. ಅವರು ಸುಮ್ನಿರುವ ಕಡೆ ತೆರೆಯನ್ನೂ ಖಾಲಿ ಬಿಟ್ಟೆ, ಒಂದೂವರೆ ಸೆಕೆಂಡ್ ಆದರೂ ಸರಿ. ಸುಮಾರು ಮೂರನೇ ಒಂದು ಭಾಗ ಪದ ಕಿತ್ತು ಹಾಕಿರಬೇಕು.

ಕನ್ನಡಕ್ಕೆ ಇನ್ನೊಂದು ಕಷ್ಟ ಇದೆ. ಒತ್ತಕ್ಷರ ಕೆಳಗೆ ಇಳಿಯುತ್ತೆ. ಎರಡು ಸಾಲು ಬಂದರೆ ಮೇಲಿನ "ಷ್ಟ್ರ" ಕೆಳಗಿನ ಗುಡಿಸಿಗೆ ತಾಗುತ್ತೆ. ಅದಕ್ಕೇ ಆದಷ್ಟೂ ಒಂದೇ ಸಾಲಿಗೆ ಇಳಿಸಿದೆ. ಕಪ್ಪು ಬಿಳುಪು ಚಿತ್ರ ಬೇರೆ. ದನ ಎಬ್ಬಿಸುವ ಧೂಳು ತೆರೆಯ ಕೆಳಗೆಲ್ಲ ಬೆಳ್ಳಗೆ ತುಂಬಿ, ಬಿಳಿ ಅಕ್ಷರ ಕಾಣೋದೇ ಇಲ್ಲ. ಅಕ್ಷರಕ್ಕೆ ದಪ್ಪ ಕಪ್ಪು ಅಂಚು ಕೊಟ್ಟೆ. ಫೈಲನ್ನು ಯುಟಿಎಫ್-8 ಅನ್ನೋ, ಕನ್ನಡ ಅಕ್ಷರ ಹಿಡಿಸುವ ರೂಪದಲ್ಲೇ ಉಳಿಸಿ, ಇಲ್ಲಾಂದ್ರೆ ಅಕ್ಷರದ ಬದಲು ಬರೀ ಪ್ರಶ್ನೆ ಚಿಹ್ನೆ ಬರುತ್ತೆ.

ಪದಗಳ ವಿಷಯದಲ್ಲಿ ಅಪ್ಪನೇ ಗುರು. ಹಿಂಡನ್ನು ದೂರದೂರಕ್ಕೆ ಹೊಡ್ಕೊಂಡು ಹೋಗುವ "ಡ್ರೋವರ್"ಗೆ ನಾನು ದನಗಾಹಿ ಅಂದಿದ್ದೆ. "ದನಗಾಹಿ ಸಂಜೆ ಮನೆಗೆ ಬರ್ತಾನೆ ಕಣಮ್ಮ. ಇವನು ಬರಲ್ಲ" ಅಂದರು. "ದನ ಹೊಡೆಯೋನು" ಅಂತ ತಿದ್ದಿದೆ. ಹಿಂಡು ಹುಚ್ಚೆದ್ದು ಓಡುವ ದೃಶ್ಯಕ್ಕೆ ನಾನು ಬರೆದ ಉದ್ದ ವಾಕ್ಯ ತೆಗೆಸಿ, "ದನ ಬೆದರಿದವು" ಅಷ್ಟೇ ಸಾಕು ಅಂದರು. ಮಾತುಮಾತಿಗೆ ಬರುವ "ಮೇಟ್" (ಗೆಳೆಯ) ಅನ್ನೋದಕ್ಕೆ ಕೆಲವು ಕಡೆ "ಕಣಯ್ಯಾ", ಉಳಿದ ಕಡೆ ಏನೂ ಇಲ್ಲ.

ಒಂದು ತೀರ್ಮಾನ ಮಾತ್ರ ನನ್ನದೇ. ಚಿತ್ರದಲ್ಲಿ ಕ್ಲೈಡ್ ಕಾಂಬೊ, ಹೆನ್ರಿ ಮರ್ಡಕ್ ಅನ್ನೋ ಇಬ್ಬರು ಮೂಲನಿವಾಸಿ ನಟರಿದ್ದಾರೆ. ಆ ಕಾಲದ ಸಿನಿಮಾಗಳು ಅವರ ಬಾಯಲ್ಲಿ ಮುರಿದ ಇಂಗ್ಲಿಷ್ ಹಾಕುತ್ತಿದ್ದವು. ನಾನು ಅವರಿಗೂ ಎಲ್ಲರಂತೆಯೇ ನೆಟ್ಟಗಿನ ಕನ್ನಡ ಕೊಟ್ಟೆ. ಆ ನೆಲದ ದಾರಿ ತಿಳಿದವರು ಅವರು.

ಆಮೇಲೆ "ಫಾರ್ಟಿ ಥೌಸಂಡ್ ಹಾರ್ಸ್‌ಮೆನ್" ಹಿಡಿದೆ. 1940ರದ್ದು, ರಾಫರ್ಟಿಗೆ ಹೆಸರು ತಂದ ಚಿತ್ರ. ಮೊದಲ ಮಹಾಯುದ್ಧದಲ್ಲಿ, 1917ರ ಅಕ್ಟೋಬರ್ 31ರಂದು ಪ್ಯಾಲೆಸ್ಟೈನಿನ ಬೀರ್‌ಶೆಬಾದ ಮೇಲೆ ಆಸ್ಟ್ರೇಲಿಯಾದ ಕುದುರೆ ಪಡೆ ನುಗ್ಗಿದ್ದನ್ನು ಸಿಡ್ನಿ ಹತ್ತಿರದ ಕ್ರೊನುಲ್ಲಾ ಮರಳುದಿಬ್ಬಗಳಲ್ಲಿ ತೆಗೆದಿದ್ದಾರೆ. ನಿರ್ದೇಶಕ ಚಾರ್ಲ್ಸ್ ಶೋವೆಲ್, ಆ ಪಡೆಯ ದಂಡನಾಯಕ ಹ್ಯಾರಿ ಶೋವೆಲ್ ಅವರ ಸೋದರನ ಮಗ. ಇದೇ ಹ್ಯಾರಿ ಶೋವೆಲ್ ಕೈಕೆಳಗಿನ ದಂಡಿನಲ್ಲೇ ಮರುವರ್ಷ ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್ ಇದ್ದರು. 1918ರ ಸೆಪ್ಟೆಂಬರ್ 23ರಂದು ಅಲ್ಲಿನ ಹೈಫಾ ಪಟ್ಟಣ ಗೆದ್ದವರಲ್ಲಿ ಅವರೂ ಸೇರಿದ್ದಾರೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಇದನ್ನು ಹೇಳಿದಾಗ ಅಪ್ಪ ಚಿತ್ರ ನಿಲ್ಲಿಸಿ, ಕುದುರೆಗಳು ನುಗ್ಗುವ ದೃಶ್ಯವನ್ನು ಇನ್ನೊಂದು ಸಲ ಹಾಕಿಸಿದರು.

"ವೇಕ್ ಇನ್ ಫ್ರೈಟ್" ಮಾತ್ರ ಅವರಿಗೆ ತೋರಿಸಲಿಲ್ಲ. ಅದರಲ್ಲಿರುವ ಕಾಂಗರೂ ಬೇಟೆ ಅವರಿಂದ ನೋಡೋಕಾಗಲ್ಲ. ರಾಫರ್ಟಿಯ ಕೊನೆಯ ಚಿತ್ರ ಅದು, ತೆಗೆದದ್ದು ಅವರು ಹುಟ್ಟಿದ ಬ್ರೋಕನ್ ಹಿಲ್‌ನಲ್ಲೇ. ಊರಿಗೆ ಬಂದ ಮೇಷ್ಟ್ರಿಗೆ ಮೇಲಿಂದ ಮೇಲೆ ಬಿಯರ್ ಕುಡಿಸುವ ಪೊಲೀಸನ ಪಾತ್ರ. ಅದೇ ಎತ್ತರ, ಅದೇ ನಿಧಾನದ ಮಾತು. ಆದರೆ ಇಲ್ಲಿ ಆ ಸ್ನೇಹ ನೋಡಿದರೆ ಮೈ ಜುಂ ಅನ್ನುತ್ತೆ. ಆಸ್ಟ್ರೇಲಿಯಾದಲ್ಲಿ ಚಿತ್ರ ಬಿಡುಗಡೆ ಆಗೋ ಮುಂಚೆಯೇ, 1971ರ ಮೇನಲ್ಲಿ ರಾಫರ್ಟಿ ತೀರಿಕೊಂಡರು. ನೆಗೆಟಿವ್ ಕಳೆದುಹೋಗಿ, ವರ್ಷಗಟ್ಟಲೆ ಹುಡುಕಿದ ಮೇಲೆ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನಾಶ ಮಾಡೋಕೆ ಇಟ್ಟಿದ್ದ ಸಾಮಾನಿನ ನಡುವೆ ಸಿಕ್ಕಿತು. ಅದು ಸಿಗದೇ ಹೋಗಿದ್ದರೆ ಅವರ ಅತ್ಯುತ್ತಮ ನಟನೆಯನ್ನು ಇಷ್ಟು ಚೆನ್ನಾಗಿ ನೋಡೋಕೆ ಆಗ್ತಿರಲಿಲ್ಲ ಅಂತ ನಾನು ನಂಬಿದ್ದೇನೆ.

ಅಪ್ಪ ಊರಿಗೆ ಹೋದ ಮೇಲೆ ಫೋನ್ ಮಾಡಿ, "ಆ ಉದ್ದನೆಯವನದ್ದು ಇನ್ನೊಂದು ಬರಿಯಮ್ಮ" ಅಂದರು. ಈಗ 1949ರ "ಯುರೇಕಾ ಸ್ಟಾಕೇಡ್" ನಡೀತಿದೆ. 1854ರಲ್ಲಿ ಆಸ್ಟ್ರೇಲಿಯಾದ ಬಲ್ಲಾರಟ್‌ನ ಚಿನ್ನ ಅಗೆಯುವವರು ಲೈಸೆನ್ಸ್ ದುಡ್ಡಿನ ವಿರುದ್ಧ ಎದ್ದ ಕಥೆ. ಆ ಜನರ ಮುಂದಾಳು ಪೀಟರ್ ಲೇಲರ್ ಪಾತ್ರ ರಾಫರ್ಟಿಯದು. ಲೈಸೆನ್ಸ್ ಅನ್ನೋದನ್ನ ಲೈಸೆನ್ಸ್ ಅಂತಲೇ ಬಿಟ್ಟಿದ್ದೇನೆ. ಅಪ್ಪನಿಗೆ ಅದು ಗೊತ್ತು.