ಬರಿಗಣ್ಣಲ್ಲಿ ಆರಿದ್ರಾದ ಹೊಳಪು ಅಳೆದ ನನ್ನ ಅನುಭವ

2019ರ ಡಿಸೆಂಬರ್‌ನ ಒಂದು ರಾತ್ರಿ ನನ್ನ ನೋಟ್‌ಬುಕ್ಕಿನಲ್ಲಿ 1.2 ಎಂದು ಬರೆದೆ. ಮರುಕ್ಷಣ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಕಣ್ಣು ದಣಿದಿದೆ' ಎಂದು ಬರೆದೆ. ಆ ಅಂಕಿ ಸರಿಯಾಗೇ ಇತ್ತು.

ನಾನು ನೋಡುತ್ತಿದ್ದದ್ದು ಆರಿದ್ರಾ, ಅಂದರೆ ಬೀಟಲ್‌ಜ್ಯೂಸ್. ಮಹಾವ್ಯಾಧ ನಕ್ಷತ್ರಪುಂಜದ ಭುಜದ ಮೇಲಿರುವ ಕೆಂಪು ಮಹಾದೈತ್ಯ ನಕ್ಷತ್ರ. ಇದರ ಹೊಳಪು ಏರಿಳಿಯುತ್ತದೆ ಎಂದು ಖಗೋಳಜ್ಞ ಜಾನ್ ಹರ್ಷೆಲ್ 1836ರಲ್ಲೇ ಗಮನಿಸಿದ್ದರು. ನಾನು ಹತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದೇನೆ.

ಇದಕ್ಕೆ ದೂರದರ್ಶಕ ಬೇಡ. ಹೊಳಪು ಗೊತ್ತಿರುವ ಎರಡು ನಕ್ಷತ್ರ ಸಾಕು. ಒಂದು ಆರಿದ್ರಾಗಿಂತ ಪ್ರಕಾಶವಾಗಿರಬೇಕು, ಇನ್ನೊಂದು ಮಂಕಾಗಿರಬೇಕು. ನನ್ನ ಮಾಮೂಲಿ ಜೋಡಿ ಪ್ರೊಸಿಯಾನ್ ಮತ್ತು ರೋಹಿಣಿ. ಹೊಳಪಿನ ಅಳತೆಯಾದ ಕಾಂತಿಮಾನದಲ್ಲಿ ಪ್ರೊಸಿಯಾನ್ 0.4, ರೋಹಿಣಿ 0.9. ಅಂಕಿ ಚಿಕ್ಕದಾದಷ್ಟೂ ಹೊಳಪು ಜಾಸ್ತಿ. ಇವೆರಡರ ನಡುವಿನ ಅಂತರವನ್ನು ಮನಸ್ಸಿನಲ್ಲೇ ಐದು ಪಾಲು ಮಾಡುತ್ತೇನೆ. ಆರಿದ್ರಾ ಪ್ರೊಸಿಯಾನ್‌ಗಿಂತ ಎರಡು ಪಾಲು ಮಂಕಾಗಿ ಕಂಡರೆ 0.6.

ಕಷ್ಟ ಇರುವುದು ಬಣ್ಣದಲ್ಲಿ. ಕೆಂಪು ನಕ್ಷತ್ರವನ್ನು ದಿಟ್ಟಿಸಿದಷ್ಟೂ ಅದು ಇನ್ನಷ್ಟು ಹೊಳೆದಂತೆ ಕಾಣುತ್ತದೆ. ಮೊದಲ ವರ್ಷ ನಾನು ಒಂದೊಂದು ನಕ್ಷತ್ರವನ್ನೂ ಅರ್ಧ ನಿಮಿಷ ನೋಡುತ್ತಿದ್ದೆ. ನನ್ನ ಅಂಕಿಗಳು ಬೇರೆ ವೀಕ್ಷಕರದ್ದಕ್ಕಿಂತ ಯಾವಾಗಲೂ 0.2, 0.3ರಷ್ಟು ಪ್ರಕಾಶದ ಕಡೆಗೇ ವಾಲಿರುತ್ತಿದ್ದವು. ಈಗ ಥಟ್ಟನೆ ನೋಡಿ ಕಣ್ಣು ತೆಗೆಯುತ್ತೇನೆ. ಕನ್ನಡಕ ತೆಗೆದು ನೋಡುವುದೂ ಚೆನ್ನಾಗಿ ಕೆಲಸ ಮಾಡುತ್ತದೆ. ಚುಕ್ಕಿಗಳು ಹರಡಿ ಸಣ್ಣ ಬಿಲ್ಲೆಗಳ ಹಾಗೆ ಕಾಣುತ್ತವೆ, ಹೋಲಿಸುವುದು ಸುಲಭ. ಇನ್ನೊಂದು ವಿಷಯ ಎತ್ತರ. ದಿಗಂತದ ಹತ್ತಿರದ ನಕ್ಷತ್ರವನ್ನು ವಾತಾವರಣವೇ ಮಂಕು ಮಾಡುತ್ತದೆ. ಅದಕ್ಕೇ ಮೂರೂ ಸಾಕಷ್ಟು ಮೇಲೆ ಬರುವ ತನಕ ಕಾಯುತ್ತೇನೆ.

ಆದರೆ ಆ ಡಿಸೆಂಬರ್‌ನಲ್ಲಿ ನನಗೆ ಮೋಸ ಮಾಡಿದ್ದು ಕಣ್ಣಲ್ಲ, ನೆನಪು. ಆರಿದ್ರಾ ಅಂದರೆ 0.5ರ ಆಸುಪಾಸು ಎಂದು ತಲೆಯಲ್ಲಿ ಕೂತಿತ್ತು. ಅದು ರೋಹಿಣಿಗಿಂತ ಮಂಕಾಗಿ ಕಂಡಾಗ ನಂಬಲು ಮನಸ್ಸು ಬರಲಿಲ್ಲ. ಅಮೆರಿಕದ ಖಗೋಳಜ್ಞ ಎಡ್ವರ್ಡ್ ಗೈನನ್ ಮತ್ತು ಸಂಗಡಿಗರು ಅದೇ ತಿಂಗಳು ನಕ್ಷತ್ರ ಅಪರೂಪಕ್ಕೆ ಇಷ್ಟು ಮಂಕಾಗಿದೆ ಎಂದು ಪ್ರಕಟಿಸಿದ್ದು ಓದಿದ ಮೇಲೇ ಧೈರ್ಯ ಬಂತು. ಆಮೇಲೆ ಹೋಲಿಕೆಗೆ ಪಾಲಕ್ಸ್ (1.1) ಮತ್ತು ಬೆಲಾಟ್ರಿಕ್ಸ್ (1.6) ಹಿಡಿದೆ. 2020ರ ಫೆಬ್ರವರಿಯಲ್ಲಿ ಆರಿದ್ರಾ, ಬೆಲಾಟ್ರಿಕ್ಸ್ ಹೆಚ್ಚುಕಡಿಮೆ ಸಮಾನವಾಗಿದ್ದವು. ಮಹಾವ್ಯಾಧನ ಆಕಾರವೇ ಬದಲಾದ ಹಾಗಿತ್ತು. ಆ ವಾರಗಳಲ್ಲಿ ಮೋಡ ಕವಿದರೆ ನಿಜಕ್ಕೂ ಸಂಕಟವಾಗುತ್ತಿತ್ತು. ಅಂದಿನಿಂದ ಹಳೆಯ ಪುಟ ತಿರುಗಿಸುವ ಮುಂಚೆಯೇ ಇವತ್ತಿನ ಅಂಕಿ ಬರೆಯುತ್ತೇನೆ.

ಆಗ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಈಗ ಸಿಡಿಯುತ್ತಾ? ಇಲ್ಲ ಅನ್ನುವುದಕ್ಕೆ ಕಾರಣ ಅದರ ಬದುಕಿನಲ್ಲೇ ಇದೆ. ಸೂರ್ಯನ ಸುಮಾರು 15ರಿಂದ 20 ಪಟ್ಟು ರಾಶಿಯ ಇಂಥ ನಕ್ಷತ್ರ ತನ್ನ ತಿರುಳಿನ ಹೈಡ್ರೋಜನ್ನನ್ನು ಸುಮಾರು ಒಂದು ಕೋಟಿ ವರ್ಷದಲ್ಲೇ ಮುಗಿಸುತ್ತದೆ. ಆಮೇಲೆ ಉಬ್ಬಿ ಕೆಂಪಾಗುತ್ತದೆ. ಆರಿದ್ರಾ ಈಗ ಹೀಲಿಯಂ ಉರಿಸುತ್ತಿದೆ ಎಂಬುದು ಬಹುಪಾಲು ಸಂಶೋಧಕರ ಅಭಿಪ್ರಾಯ. ಆ ಹಂತವೇ ಲಕ್ಷಾಂತರ ವರ್ಷ. ಕಾರ್ಬನ್ ಹಂತ ಅದಕ್ಕಿಂತ ತುಂಬಾ ಚಿಕ್ಕದು. ಕೊನೆಯ ಸಿಲಿಕಾನ್ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಸಿಡಿಯುವುದು ಅದಾದ ಮೇಲೇ.

ನಾನು ಅಳೆಯುವ ಏರಿಳಿತ ಬರುವುದು ತಿರುಳಿನಿಂದಲ್ಲ, ಹೊರಗಿನ ಸಡಿಲ ಪದರದಿಂದ. ಅಲ್ಲಿನ ಹೈಡ್ರೋಜನ್ ಶಾಖವನ್ನು ಹಿಡಿದಿಟ್ಟು ಬಿಡುವುದರಿಂದ ನಕ್ಷತ್ರ ಸುಮಾರು 400 ದಿನಕ್ಕೊಮ್ಮೆ ಮಿಡಿಯುತ್ತದೆ. ಅದರ ಜೊತೆಗೆ ಅನಿಲದ ದೊಡ್ಡ ದೊಡ್ಡ ಗುಳ್ಳೆಗಳು ಕುದಿಯುತ್ತವೆ. ಹಾಗಾಗಿ ಯಾವ ಎರಡು ಮಿಡಿತವೂ ಒಂದೇ ಥರ ಇರುವುದಿಲ್ಲ. 2019ರಲ್ಲಿ ಮೇಲ್ಮೈಯಿಂದ ಹೊರಚಿಮ್ಮಿದ ಅನಿಲ ತಣ್ಣಗಾಗಿ ಧೂಳಾಯಿತು, ನಕ್ಷತ್ರದ ದಕ್ಷಿಣ ಭಾಗವನ್ನು ಮರೆಮಾಡಿತು. ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪ್ ಆ ಡಿಸೆಂಬರ್‌ನಲ್ಲಿ ತೆಗೆದ ಚಿತ್ರದಲ್ಲಿ ಕೆಳಗಿನ ಅರ್ಧ ಕಪ್ಪಾಗಿರುವುದು ಸ್ಪಷ್ಟವಾಗಿ ಕಾಣುತ್ತದೆ. ನಾನು ಹೊಡೆದುಹಾಕಿದ್ದ 1.2 ಆ ಧೂಳಿನದ್ದು.

ಆ ಘಟನೆಯ ನಂತರ 400 ದಿನದ ಲಯ ಕೆಟ್ಟಿತು. 200 ದಿನಗಳ ಆಸುಪಾಸಿನ ಚಿಕ್ಕ ಮಿಡಿತ ಎದ್ದು ಕಾಣತೊಡಗಿತು. 2023ರ ಏಪ್ರಿಲ್‌ನಲ್ಲಿ ಆರಿದ್ರಾ ಪ್ರೊಸಿಯಾನ್ ಅನ್ನೇ ಮೀರಿಸಿ 0.0ರ ಹತ್ತಿರ ಬಂತು. ಆಗ ಹೋಲಿಕೆಗೆ ಬ್ರಹ್ಮಹೃದಯ (0.1) ಬೇಕಾಯಿತು. ರೈಗೆಲ್ ಪಕ್ಕದಲ್ಲೇ ಇದೆ ನಿಜ. ಆದರೆ ಅದೂ ಮಹಾದೈತ್ಯ, ನೀಲಿ ಬಣ್ಣದ್ದು. ಅದರ ಹೊಳಪೂ ಸ್ವಲ್ಪ ಅಲುಗಾಡುತ್ತದೆ. ಅದನ್ನು ಅಳತೆಗೋಲು ಮಾಡಿಕೊಳ್ಳಬೇಡಿ.

ಇವೆಲ್ಲದರ ಅಡಿಯಲ್ಲಿ ಸುಮಾರು 2100 ದಿನಗಳ ಇನ್ನೊಂದು ನಿಧಾನದ ಅಲೆ ಇದೆ. ಹತ್ತಿರದಲ್ಲೇ ಸುತ್ತುವ ಪುಟ್ಟ ಜೊತೆಗಾರ ನಕ್ಷತ್ರ ಇದಕ್ಕೆ ಕಾರಣ ಇರಬಹುದೆಂದು 2024ರಲ್ಲಿ ಲೆಕ್ಕ ಹಾಕಿದ್ದರು. ಜೆಮಿನೈ ನಾರ್ತ್ ದೂರದರ್ಶಕದಲ್ಲಿ ಅದು ಕಂಡಿತೆಂದು 2025ರಲ್ಲಿ ಸುದ್ದಿ ಬಂತು. ನಾನು ತಕ್ಷಣ ನನ್ನ ಅಂಕಿಗಳನ್ನೆಲ್ಲ ಗ್ರಾಫ್ ಹಾಳೆಯಲ್ಲಿ ಗುರುತಿಸಿದೆ. ಹತ್ತು ವರ್ಷದ ಕೆಲಸದಲ್ಲಿ ಆ ಅಲೆಯ ಎರಡು ಸುತ್ತೂ ಪೂರ್ತಿಯಾಗಿಲ್ಲ. ಪ್ರತಿ ಜೂನ್‌ನಲ್ಲಿ ಸೂರ್ಯ ಅಡ್ಡ ಬರುವುದರಿಂದ ನಡುನಡುವೆ ಖಾಲಿ ಜಾಗಗಳೂ ಇವೆ. ಆಗಸ್ಟ್‌ನಲ್ಲಿ ಬೆಳಗಿನ ಜಾವ ಅದು ಪೂರ್ವದಲ್ಲಿ ಮೇಲೇರಿದ ಕೂಡಲೇ ಮತ್ತೆ ಶುರು ಮಾಡುತ್ತೇನೆ.